ಮನೆಯ ಪಾಠಶಾಲೆಗೆ ಅನಧ್ಯಾಯ ಬೇಡವೆ?

ಸರ್ಕಾರದ ನೌಕರಿಯಲ್ಲಿರುವ ಮಹನೀಯರೊಬ್ಬರು ಕಳೆದ ಆಷಾಢದ ಕೊನೆಯಲ್ಲಿ ನಮಗೊಂದು ದೀರ್ಘವಾದ ಕಾಗದವನ್ನು ಬರೆದಿರುವರು. ಆರು ವರ್ಷಗಳಲ್ಲಿ ಮೂರು ಸಲ ವರ್ಗಾವಣೆ ಹೊಂದಿ, ಕಾರವಾರದ ಮಳೆಯಿಂದ ಬೀದರದ ಬಿಸಿಲಿಗೂ ಅಲ್ಲಿಂದ ಮತ್ತೆ ಘಟ್ಟದ ಸೀಮೆಗೂ ಸಂಸಾರವನ್ನು ಹೊತ್ತು ತಿರುಗಿದ ಅವರಿಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಏಳು. ಪ್ರತಿಯೊಂದು ವರ್ಗಾವಣೆಗೂ ಶಾಲೆ ಬದಲು, ಪುಸ್ತಕ ಬದಲು, ಗೆಳೆಯರು ಬದಲು. ಕಡೆಗೆ ಬೇಸತ್ತು, ಪದವೀಧರೆಯಾದ ಅವರ ಪತ್ನಿಯವರೇ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುವುದೆಂದು ದಂಪತಿಗಳು ನಿಶ್ಚಯಿಸಿ, ಜೂನ್ ತಿಂಗಳ ಮೊದಲಿನಲ್ಲಿ ಪ್ರಾರಂಭಿಸಿದರಂತೆ. ಕಾಗದದೊಡನೆ ಒಂದು ವೇಳಾಪಟ್ಟಿಯ ನಕಲನ್ನೂ ಲಗತ್ತಿಸಿರುವರು. ಕಚೇರಿಯ ಶಿಸ್ತು ಅದರಲ್ಲಿ ಎದ್ದು ಕಾಣುತ್ತದೆ. ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ, ನಡುವೆ ಊಟಕ್ಕೆ ಒಂದು ಗಂಟೆ. ರಜೆಯೆಂಬುದು ದಸರೆಗೆ ಹತ್ತು ದಿನ, ಬೇಸಗೆಗೆ ಎರಡು ತಿಂಗಳು. ಅಂಚಿಗೆ ಕೆಂಪು ಶಾಯಿಯ ಗೆರೆ ಬೇರೆ.

ಈ ಏರ್ಪಾಡು ಏಳು ವಾರ ನಡೆಯಿತು. ಎಂಟನೆಯ ವಾರ ತಾಯಿಗೆ ಗಂಟಲು ಕಟ್ಟಿ ಜ್ವರ ಬಂದಿತು. ಮಗಳು ಗಣಿತದ ಪುಸ್ತಕವನ್ನು ಅಕ್ಕಿಯ ಡಬ್ಬದ ಹಿಂದೆ ಅಡಗಿಸಿಟ್ಟಳು. ಮಗನು, “ನಾನು ಶಾಲೆಗೇ ಹೋಗುತ್ತೇನಪ್ಪ, ಅಲ್ಲಿ ಬಿಡುವಿನ ಗಂಟೆಯಾದರೂ ಹೊಡೆಯುತ್ತದೆ” ಎಂದನಂತೆ. ‘ನಾವು ಈ ಕೆಲಸಕ್ಕೆ ಕೈಹಾಕಿದ್ದೇ ತಪ್ಪೋ, ಕೈಹಾಕಿದ ಕ್ರಮದಲ್ಲಿ ತಪ್ಪೋ, ತಿಳಿಸಬೇಕು’ ಎಂದು ಆ ಮಹನೀಯರು ಕೇಳಿರುವರು.

ಶಾಲೆ ಮೇಲೋ ಮನೆ ಮೇಲೋ ಎಂಬ ವಾದಕ್ಕೆ ನಾವು ಈ ದಿನ ಹೋಗುವುದಿಲ್ಲ. ಊರಿನ ಶಾಲೆಯೇ ಬಹುಮಂದಿ ಮಕ್ಕಳಿಗೆ ತಕ್ಕುದೆಂಬುದು ನಮ್ಮ ಎಣಿಕೆ, ಅದಿರಲಿ. 2020ನೆಯ ಇಸವಿಯ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಇಷ್ಟವಿದ್ದವರೂ ಇಲ್ಲದವರೂ ಮನೆಯನ್ನು ಶಾಲೆ ಮಾಡಬೇಕಾಯಿತಷ್ಟೆ. ಆ ಮೇಲೆ ಕೆಲವರು ಆ ಕ್ರಮವನ್ನು ಬಿಡದೆ ಮುಂದುವರಿಸಿದರು. ಮುಂದುವರಿಸುವವರು ಹೇಗೆ ಮುಂದುವರಿಸತಕ್ಕದ್ದು ಎಂಬಷ್ಟೇ ಇಲ್ಲಿಯ ವಿಚಾರ.

ಅಧಿಕಾರಿಗಳಾದ ವಾಚಕರು ಮೊದಲು ಕೇಳುವ ಪ್ರಶ್ನೆ ಕಾನೂನಿನದು. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ 10ನೆಯ ಪ್ರಕರಣ ಹೇಳುತ್ತದೆ. ಸೇರಿಸದಿದ್ದರೆ ತಂದೆತಾಯಿಗಳಿಗೆ ಇಂಥ ದಂಡವೆಂದು ಆ ಅಧಿನಿಯಮದಲ್ಲಿ ಬರೆದಿಲ್ಲ. ಮನೆಯ ಪಾಠದ ಹೆಸರನ್ನೂ ಅದು ಎತ್ತಿಲ್ಲ. ಹೀಗೆ ಬಾಗಿಲು ಪೂರ್ತಿ ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ. ಆದರೆ ಅದೇ ಅಧಿನಿಯಮದ 4ನೆಯ ಪ್ರಕರಣವು ಶಾಲೆಯಿಂದ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ವಿಧಿಸಿದೆ. ಆದುದರಿಂದ ಮನೆಯಲ್ಲಿ ಪಾಠ ಹೇಳುವವರು, ಯಾವ ದಿನ ಏನು ಓದಿಸಿದೆವೆಂಬ ದಿನಚರಿಯೊಂದನ್ನು ಇಟ್ಟುಕೊಂಡಿರುವುದು ಉತ್ತಮ. ನಾಳೆ ಮಗುವು ಶಾಲೆಗೆ ಮರಳಬೇಕಾದರೆ ಅದು ಕೈಗೆ ಬರುತ್ತದೆ.

ಈ ಅಧಿನಿಯಮದ ಅನುಸೂಚಿಯಲ್ಲಿ ಇನ್ನೊಂದು ಸಂಗತಿ ಉಂಟು. ನಮ್ಮ ಪತ್ರಲೇಖಕರು ಅದನ್ನು ನೋಡಿದಂತಿಲ್ಲ. ಒಂದರಿಂದ ಐದನೆಯ ತರಗತಿಯವರೆಗೆ ಶಾಲೆಗಳು ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ ನಡೆಸತಕ್ಕದ್ದು. ಆರರಿಂದ ಎಂಟರವರೆಗೆ 220 ದಿನ, 1000 ಗಂಟೆ. ಈ ಲೆಕ್ಕ ಶಾಲೆಗೆ ಹೊರತು ಮನೆಗಲ್ಲ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಮಹನೀಯರ ಪಟ್ಟಿಯನ್ನು ನಾವು ಲೆಕ್ಕ ಹಾಕಿ ನೋಡಿದೆವು. ದಿನಕ್ಕೆ ಐದೂವರೆ ಗಂಟೆ, ವಾರಕ್ಕೆ 33. ರಜೆಗಳನ್ನು ಕಳೆದು ಉಳಿಯುವ 42 ವಾರಗಳಿಗೆ 1386 ಗಂಟೆ! ಇಡೀ ರಾಜ್ಯದ ಎರಡನೆಯ ತರಗತಿಯ ಬಾಲಕರಿಗೆ 800 ಸಾಕೆಂದು ಪಾರ್ಲಿಮೆಂಟು ಒಪ್ಪಿರುವಾಗ, ಈ ಒಬ್ಬ ಬಾಲಕನಿಗೆ ಮಾತ್ರ ಅದರ ಮುಕ್ಕಾಲು ಪಾಲಿನಷ್ಟು ಹೆಚ್ಚುವರಿ ಹೊರೆ ಬಿದ್ದಿದೆ. ಅದೂ ಹಾಜರಿ ಕೂಗುವುದು, ಸಾಲು ನಿಲ್ಲಿಸುವುದು, ನಲವತ್ತು ಪುಸ್ತಕ ತಿದ್ದುವುದು ಇವೊಂದೂ ಇಲ್ಲದ ಮನೆಯಲ್ಲಿ, ತಾಯಿಯ ಕಣ್ಣ ಮುಂದೆ. ಮಗುವಿಗೆ ಗಂಟೆಯ ಶಬ್ದ ನೆನಪಾದುದರಲ್ಲಿ ಆಶ್ಚರ್ಯವೇನು?

ನಾವು ಬಾಲ್ಯದಲ್ಲಿ ಓದಿದ್ದು ಪಾಠಶಾಲೆಯಲ್ಲಿ. ಮೆಟ್ರಿಕ್ಯುಲೇಷನ್ನಿನ ದಾರಿ ಹಿಡಿದದ್ದು ಆ ಮೇಲೆ. ಅಲ್ಲಿ ಎರಡು ತಿಂಗಳ ಬೇಸಗೆಯ ರಜೆ ಎಂಬ ಮಾತೇ ಇರಲಿಲ್ಲ. ಆದರೆ ಪಕ್ಷಕ್ಕೆ ನಾಲ್ಕು ಅನಧ್ಯಾಯ: ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಥವಾ ಅಮಾವಾಸ್ಯೆ, ಪಾಡ್ಯ. ನಡುವೆ ಒಂದು ಬಿಡಿ ದಿನ, ಪಕ್ಷದ ಕೊನೆಗೆ ಸಾಲಾಗಿ ಮೂರು ದಿನ. ಅಷ್ಟಮಿಯೆಂದರೆ ಬಟ್ಟೆ ಒಗೆದುಕೊಳ್ಳುವುದು, ಹೊಳೆಯಲ್ಲಿ ಈಜುವುದು. ಪಕ್ಷಾಂತ್ಯದ ಮೂರು ದಿನಗಳಲ್ಲಿ ಹತ್ತಿರದ ಊರಿನವರು ಮನೆಗೆ ಹೋಗಿ ಬರುವುದು. ಬಿದಿಗೆಯ ಬೆಳಿಗ್ಗೆ ಗುರುಗಳು ಹೊಸ ಪಾಠ ಹೇಳುತ್ತಿರಲಿಲ್ಲ. ಹಿಂದಿನ ಪಕ್ಷದ್ದನ್ನೆಲ್ಲ ಒಮ್ಮೆ ಒಪ್ಪಿಸಿದ ಮೇಲೆಯೇ ಮುಂದಿನದು. ಗುಡುಗಿದರೂ ಧೂಳಿನ ಗಾಳಿ ಎದ್ದರೂ ಶಿಷ್ಟರು ಮನೆಗೆ ಬಂದರೂ ವೇದಪಾಠವನ್ನು ನಿಲ್ಲಿಸಬೇಕೆಂದು ಧರ್ಮಶಾಸ್ತ್ರಗಳೇ ಹೇಳಿವೆ. ಯಾರಾದರೂ ಪಂಡಿತರು ದಾರಿಯಲ್ಲಿ ಕಂಡರೆ ನಾವು ಹುಡುಗರು ಅವರನ್ನು ಎಷ್ಟು ಆದರದಿಂದ ಪಾಠಶಾಲೆಗೆ ಕರೆತರುತ್ತಿದ್ದೆವೆಂಬುದನ್ನು ಇಲ್ಲಿ ಬರೆಯದಿರುವುದೇ ಲೇಸು.

ಈಗ ಇದನ್ನೂ ಲೆಕ್ಕ ಹಾಕೋಣ. ಚಾಂದ್ರಮಾನದ ವರ್ಷಕ್ಕೆ 354 ದಿನ. ಇಪ್ಪತ್ತನಾಲ್ಕು ಪಕ್ಷಗಳಿಗೆ ನಾಲ್ಕರಂತೆ 96 ಅನಧ್ಯಾಯ. ಉಳಿದುದು 258 ದಿನ. ಹಬ್ಬಗಳನ್ನು ಕಳೆದರೂ ಇಂದಿನ ಯಾವ ಶಾಲೆಗಿಂತಲೂ ಕಡಮೆಯಲ್ಲ. ವರ್ಷವಿಡೀ ಪಾಠ, ವರ್ಷವಿಡೀ ಬಿಡುವು. ಇದನ್ನೇ ಈಗ ಅಮೆರಿಕದವರು ಹೊಸದಾಗಿ ಕಂಡುಹಿಡಿದಂತೆ ಹೇಳುತ್ತಾರೆ. ಅಲ್ಲಿಯ ಕೆಲವು ಶಾಲೆಗಳಲ್ಲಿ 1970ರ ಸುಮಾರಿನಿಂದ 45 ದಿನ ಪಾಠ, 15 ದಿನ ರಜೆ ಎಂಬ ಕ್ರಮವನ್ನು ವರ್ಷಕ್ಕೆ ನಾಲ್ಕಾವರ್ತಿ ನಡೆಸಿದರು. ಮನೆಯಲ್ಲಿ ಕಲಿಸುವ ಅಲ್ಲಿಯ ಕುಟುಂಬಗಳಲ್ಲಿ ಅನೇಕರು ಆರು ವಾರ ಪಾಠ, ಏಳನೆಯ ವಾರ ಬಿಡುವು ಎಂಬುದನ್ನು ಅನುಸರಿಸುವರು. ಯಾರು ಮೊದಲು ಕಂಡರೆಂಬ ಹೆಮ್ಮೆ ನಮಗೆ ಬೇಡ. ನಾವು ಆ ಕ್ರಮವನ್ನು ಬಿಟ್ಟೂ ಬಹುಕಾಲವಾಯಿತು.

ನಡುನಡುವೆ ಬಿಡುವು ಕೊಟ್ಟರೆ ಕಲಿತದ್ದು ಮರೆಯದೆ? ಮರೆಯುತ್ತದೆ. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಕಾಲಕ್ಕೆ ಎಷ್ಟು ಮರೆಯಿತೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿವೇಗವಾಗಿಯೂ ಆ ಮೇಲೆ ಮೆಲ್ಲಮೆಲ್ಲಗೂ ನಡೆಯುವುದೆಂದೂ, ಒಂದೇ ಸಲ ಕುಳಿತು ಉರುಹೊಡೆಯುವುದಕ್ಕಿಂತ ದಿನಗಳ ಅಂತರದಲ್ಲಿ ತಿರುಗಿ ತಿರುಗಿ ನೋಡುವುದು ಮೇಲೆಂದೂ ಅವನು ಕಂಡನು. ನಮ್ಮ ಗುರುಗಳು ಎಬಿಂಗ್‌ಹೌಸನ ಹೆಸರನ್ನು ಕೇಳಿರಲಿಲ್ಲ. ಬಿದಿಗೆಯ ದಿನ ಹಳೆಯದನ್ನು ಒಪ್ಪಿಸಿಕೊಳ್ಳುವುದನ್ನು ಮಾತ್ರ ಬಿಟ್ಟವರಲ್ಲ. ದೀರ್ಘ ರಜೆಯ ವಿಷಯದಲ್ಲಿ ಅಮೆರಿಕದ ಹ್ಯಾರಿಸ್ ಕೂಪರ್ ಮೊದಲಾದವರು ಅನೇಕ ಪರೀಕ್ಷೆಗಳ ಫಲಿತಗಳನ್ನು ಒಟ್ಟುಗೂಡಿಸಿ 1996ರಲ್ಲಿ ತಿಳಿಸಿದ್ದೇನೆಂದರೆ, ಬೇಸಗೆಯ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಪಾಠದಷ್ಟನ್ನು ಕಳೆದುಕೊಳ್ಳುತ್ತಾರೆ. ಓದುವುದರಲ್ಲಿ ಕಡಮೆ, ಲೆಕ್ಕದಲ್ಲಿಯೂ ಕಾಗುಣಿತದಲ್ಲಿಯೂ ಹೆಚ್ಚು. ಜೂನ್ ತಿಂಗಳಲ್ಲಿ ಹದಿಮೂರರ ಮಗ್ಗಿಯನ್ನು ಕೇಳಿ ನೋಡಿದ ಯಾವ ತಂದೆಗೂ ಇದು ಹೊಸ ಸುದ್ದಿಯಲ್ಲ. ಆದರೆ ಪೂರ್ಣ ಸತ್ಯವನ್ನು ಹೇಳಬೇಕಾದರೆ, ಅದೇ ವಿದ್ವಾಂಸರು ವರ್ಷವಿಡೀ ನಡೆಯುವ ಶಾಲೆಗಳನ್ನೂ ಮುಂದೆ ಪರಿಶೀಲಿಸಿದಾಗ, ಅವುಗಳಿಂದ ಆದ ಲಾಭ ಸ್ವಲ್ಪವೇ ಎಂದು ಕಂಡುಬಂದಿತು. ದಿನಗಳ ಮೊತ್ತ ಅಷ್ಟೇ ಇದ್ದು, ಹಂಚಿಕೆ ಮಾತ್ರ ಬದಲಾದರೆ ವಿದ್ಯೆ ತಾನಾಗಿ ಬೆಳೆಯುವುದಿಲ್ಲ. ಹಂಚಿಕೆಯಿಂದ ಆಗುವ ಮುಖ್ಯವಾದ ಪ್ರಯೋಜನವು ಕಲಿಯುವವನೂ ಕಲಿಸುವವಳೂ ಸೋತು ಕೂರದಿರುವುದು. ಮನೆಯಲ್ಲಿ ಅದೇ ದೊಡ್ಡದು.

ಇನ್ನು ಏರ್ಪಾಡಿಗೆ ಬರೋಣ. ವರ್ಷಕ್ಕೆ 52 ವಾರ. ಆರು ವಾರ ಪಾಠ, ಒಂದು ವಾರ ಬಿಡುವು ಎಂಬುದನ್ನು ಏಳು ಸುತ್ತು ನಡೆಸಿದರೆ 49 ವಾರಗಳಾದುವು: ಪಾಠಕ್ಕೆ 42, ಬಿಡುವಿಗೆ 7. ಇನ್ನೂ ಮೂರು ವಾರ ಕೈಯಲ್ಲಿ ಉಳಿಯುತ್ತವೆ. ವಾರಕ್ಕೆ ಐದೇ ದಿನ ಹಿಡಿದರೂ 210 ದಿನಗಳ ಪಾಠ. ಏಳು ವರ್ಷದ ಬಾಲಕನಿಗೆ ದಿನಕ್ಕೆ ನಾಲ್ಕು ಗಂಟೆಯಂತೆ 840 ಗಂಟೆ. ನಮ್ಮನ್ನು ಕೇಳಿದರೆ ಮನೆಯಲ್ಲಿ ಮೂರೇ ಸಾಕು. ಹನ್ನೊಂದರ ಬಾಲಿಕೆಗೆ ನಾಲ್ಕೂಮುಕ್ಕಾಲು ಗಂಟೆಯಂತೆ ಸುಮಾರು 1000. ಅಮೆರಿಕದ 45–15ರ ಕ್ರಮದಲ್ಲಿ ದೊರೆಯುವುದು 180 ದಿನ ಮಾತ್ರ; ಮೇಲಾಗಿ ಒಂಬತ್ತು ವಾರ ಎಡೆಬಿಡದೆ ದುಡಿಯಬೇಕು. ನಮ್ಮ ಪತ್ರಲೇಖಕರ ಮನೆಯ ಅನುಭವವು ಎಂಟನೆಯ ವಾರಕ್ಕೇ ಮುಗಿದಿರುವುದರಿಂದ ಅದನ್ನು ಅವರಿಗೆ ಹೇಳುವ ಧೈರ್ಯ ನಮಗಿಲ್ಲ.

ಆದರೆ ಈ ಆರು ವಾರಗಳನ್ನು ಕ್ಯಾಲೆಂಡರಿನ ಮೇಲೆ ಕಣ್ಣುಮುಚ್ಚಿ ಎಣಿಸಿ ಗುರುತು ಹಾಕಿದರೆ ಕೆಲಸ ಕೆಡುತ್ತದೆ. ಪಂಚಾಂಗವನ್ನು ಮುಂದಿಟ್ಟುಕೊಳ್ಳಬೇಕು. ನಮ್ಮ ಹಬ್ಬಗಳು ಚಾಂದ್ರಮಾನಕ್ಕೆ ಸೇರಿದುವು. ಗಣೇಶನ ಚೌತಿ 2022ರಲ್ಲಿ ಆಗಸ್ಟ್ 31ಕ್ಕೆ ಬಂದಿತು, 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಸೆಪ್ಟೆಂಬರಿನ ಮೂರನೆಯ ವಾರಕ್ಕೆ ಸರಿಯಿತು. ಆದರೆ ಹಬ್ಬದಿಂದ ಹಬ್ಬಕ್ಕೆ ಇರುವ ಅಂತರ ಮಾತ್ರ ಬಹುಮಟ್ಟಿಗೆ ಸ್ಥಿರ. ಚೌತಿಯಿಂದ ವಿಜಯದಶಮಿಗೆ ಐದು ವಾರ. ಶಿವರಾತ್ರಿಯಿಂದ ಯುಗಾದಿಗೆ ಒಂದು ತಿಂಗಳು. ದೀಪಾವಳಿಯಿಂದ ಸಂಕ್ರಾಂತಿಗೆ ಒಂಬತ್ತರಿಂದ ಹನ್ನೆರಡು ವಾರ, ಆದುದರಿಂದ ನಡುವೆ ಡಿಸೆಂಬರಿನಲ್ಲಿ ಒಂದು ವಾರ ಬಿಡುವು ಇಡತಕ್ಕದ್ದು. ತೊಡಕು ಬರುವುದು ವಿಜಯದಶಮಿಗೂ ನರಕ ಚತುರ್ದಶಿಗೂ ನಡುವೆ. ಅಲ್ಲಿ ಹತ್ತೊಂಬತ್ತು ದಿನ ಮಾತ್ರ. ಕೈಯಲ್ಲಿ ಉಳಿಸಿಕೊಂಡ ಮೂರು ವಾರಗಳಲ್ಲಿ ಒಂದನ್ನು ದೀಪಾವಳಿಗೆ ಕೊಟ್ಟರೆ ಆ ತೊಡಕು ಬಗೆಹರಿಯುತ್ತದೆ. ಒಟ್ಟಿನಲ್ಲಿ ಸುತ್ತು ಐದು ವಾರವಾಗಲಿ ಏಳಾಗಲಿ, ಚಿಂತೆಯಿಲ್ಲ. ಮಗು ಮಾತ್ರ ಮುಂದಿನ ಬಿಡುವು ಯಾವಾಗ ಎಂಬುದನ್ನು ಗೋಡೆಯ ಮೇಲೆ ನೋಡಿ ತಾನೇ ಎಣಿಸುವಂತಿರಬೇಕು. ಆ ಮಗನು ಕೇಳಿದ ಗಂಟೆಯೆಂದರೆ ಇದೇ.

ಋತುವನ್ನೂ ಮರೆಯಕೂಡದು. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಏಪ್ರಿಲ್–ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದನ್ನು ಈ ಪತ್ರಿಕೆಯ ವಾಚಕರಾದ ಅಧಿಕಾರಿಗಳು ಬಲ್ಲರು. ಸ್ವತಃ ತಂದೆಯು ಬಿಸಿಲಿಗೆ ಹೆದರಿ ಒಂದೂವರೆಗೆ ಮನೆಗೆ ಬರುವ ಊರಿನಲ್ಲಿ ಮಗುವು ನಾಲ್ಕೂವರೆಯವರೆಗೆ ಭಾಗಾಕಾರ ಮಾಡಬೇಕೆಂಬುದು ಎಲ್ಲಿಯ ನ್ಯಾಯ? ಮಲೆನಾಡು, ಕರಾವಳಿಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಜುಲೈ ತಿಂಗಳ ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವ ದಿನ ಮನೆಯೊಳಗಿನ ಪಾಠ ಸುಖವಾಗಿ ನಡೆಯುತ್ತದೆ. ಮಳೆ ಬಿಟ್ಟ ಮೇಲೆ ಹೊರಗೆ ತಿರುಗಲು ಆ ದಿನವನ್ನು ಮರಳಿ ಪಡೆಯಬಹುದು. ಮನೆಯ ಪಾಠಶಾಲೆಯ ಒಂದೇ ಒಂದು ಶ್ರೀಮಂತಿಕೆ ಈ ಸ್ವಾತಂತ್ರ್ಯ. ಶಾಲೆಯ ಗಡಿಯಾರವನ್ನು ತಂದು ಗೋಡೆಗೆ ಹೊಡೆದು, ಅದನ್ನೂ ಕಳೆದುಕೊಳ್ಳುವುದೇಕೆ?

ಬೇಸಗೆಯ ಪ್ರಶ್ನೆ ಮಾತ್ರ ಸುಲಭವಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಊರಿನ ಮಕ್ಕಳೆಲ್ಲ ಬೀದಿಯಲ್ಲಿರುತ್ತಾರೆ; ಅಜ್ಜಿಯ ಮನೆಗೆ ಚಿಕ್ಕಮ್ಮ, ಸೋದರತ್ತೆಯರ ಮಕ್ಕಳು ಬಂದಿಳಿಯುತ್ತಾರೆ; ಮಾವು ಹಲಸುಗಳ ಕಾಲ. ‘ನಮ್ಮದು ವರ್ಷವಿಡೀ ಪಾಠ’ ಎಂದು ಆಗ ಮಕ್ಕಳನ್ನು ಒಳಗೆ ಕೂರಿಸಿದರೆ ಅದು ವಿದ್ಯಾಭ್ಯಾಸವಲ್ಲ, ಕಾರಾಗೃಹ. ಮನೆಯಲ್ಲಿ ಓದುವ ಮಗುವಿಗೆ ಮೊದಲೇ ಗೆಳೆಯರು ಕಡಮೆ. ಅಕ್ಟೋಬರಿನಲ್ಲಿ ಅದಕ್ಕೆ ಬಿಡುವು ಸಿಕ್ಕಾಗ ಓರಗೆಯವರು ಶಾಲೆಯಲ್ಲಿರುವುದೂ ಉಂಟು. ಆದಕಾರಣ ಎರಡು ಬಿಡುವುಗಳನ್ನಾದರೂ, ದಸರೆಯದನ್ನೂ ಬೇಸಗೆಯದನ್ನೂ, ಊರಿನ ಶಾಲೆಗಳ ರಜೆಯೊಡನೆ ಹೊಂದಿಸಲೇಬೇಕೆಂದು ನಮ್ಮ ಅಭಿಪ್ರಾಯ. ಉಳಿದಿರುವ ಎರಡು ವಾರಗಳನ್ನು ಮೇ ತಿಂಗಳ ಒಂದು ಬಿಡುವಿನ ವಾರಕ್ಕೆ ಸೇರಿಸಿದರೆ ಮೂರು ವಾರ ಪೂರ್ತಿ ರಜೆ. ಮಿಕ್ಕ ಬೇಸಗೆಯಲ್ಲಿ ತಂಪುಹೊತ್ತಿಗೆ ಒಂದೆರಡು ಗಂಟೆ: ಮಗ್ಗಿ, ಬಾಯಿಲೆಕ್ಕ, ನಾಲ್ಕು ಸಾಲು ಕಾಪಿ, ತಾನೇ ಆರಿಸಿದ ಕಥೆಯ ಪುಸ್ತಕ. ಗಂಟೆಗಳ ಮೊತ್ತ ಸ್ವಲ್ಪ ತಗ್ಗಬಹುದು, ತಗ್ಗಲಿ. ಕೂಪರ್ ಮಹಾಶಯರು ಕಂಡ ಮರೆವಿಗೆ ಇಷ್ಟು ಔಷಧ ಸಾಕಾದೀತು.

ಬಿಡುವಿನ ವಾರದಲ್ಲಿ ಏನು ಮಾಡತಕ್ಕದ್ದು? ಪಾಠ ಹೇಳಕೂಡದು. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ, ‘ಹಿಂದುಳಿದ ಪಾಠವನ್ನು ಬಿಡುವಿನಲ್ಲಿ ಮುಗಿಸಿಬಿಡೋಣ’ ಎಂಬ ದುರಾಸೆ ಸಜ್ಜನರಾದ ತಂದೆತಾಯಿಗಳಲ್ಲಿಯೇ ಹೆಚ್ಚು. ಭಾನುವಾರ ಕಚೇರಿಗೆ ಬಿಡುವಿದ್ದಾಗ ತಾವು ಗಣಿತವನ್ನು ‘ಪರಿಶೀಲಿಸುವುದಾಗಿ’ ನಮ್ಮ ಪತ್ರಲೇಖಕರು ಬರೆದಿರುವರು. ಕಡತಗಳನ್ನು ಪರಿಶೀಲಿಸಲಿ! ಹಿಂದುಳಿದ ಪಾಠಕ್ಕೆ ದಾರಿ ಬೇರೆಯಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಪ್ರಾರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದಾರೆ. ಮಗುವು ಜಾತ್ರೆಗೋ ಜ್ವರಕ್ಕೋ ನಾಲ್ಕು ದಿನ ತಪ್ಪಿಸಿಕೊಂಡರೆ, ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ಮನೆಯಲ್ಲಿಯೂ ಹಾಗೆಯೇ, ಪಟ್ಟಿಯಲ್ಲಿ ಪಾಠದ ಎದುರಿಗೆ ತಾರೀಕು ಬರೆಯಬೇಡಿ. ಪಾಠಗಳ ಕ್ರಮವನ್ನು ಮಾತ್ರ ಬರೆದಿಟ್ಟು, ಮುಗಿದಾಗ ಮುಗಿದ ದಿನವನ್ನು ಗುರುತಿಸಿ. ತಾರೀಕು ಮೊದಲೇ ಇದ್ದರೆ ಪ್ರತಿ ಜ್ವರವೂ ಬಾಕಿಯಾಗುತ್ತದೆ. ಬಿಡುವು ಮುಗಿದ ಮೊದಲ ದಿನ ಹಳೆಯದರ ಪುನರಾವರ್ತನೆ, ಹೊಸದು ಎರಡನೆಯ ದಿನಕ್ಕೆ. ಪಠ್ಯಪುಸ್ತಕಗಳಿಗೆ ಅಲೆಯಬೇಕಾಗಿಲ್ಲ, ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ.

ಪರೀಕ್ಷೆಯ ಚಿಂತೆಯನ್ನೂ ಅವರು ಬರೆದಿರುವರು. ಹನ್ನೊಂದರ ಬಾಲಿಕೆಗೆ ಅದು ಈಗಲೇ ಏಕೆ? ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಸೆಕೆಂಡರಿ ಪರೀಕ್ಷೆಗೆ ಕುಳಿತುಕೊಳ್ಳಬಹುದು. 1989ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇಯಲ್ಲಿಯೂ ಅಕ್ಟೋಬರ್–ನವೆಂಬರಿನಲ್ಲಿಯೂ ಪರೀಕ್ಷೆ ನಡೆಸುತ್ತದೆ. ಆ ವರ್ಷ ಬಂದಾಗ ಪರೀಕ್ಷೆಯ ತಿಂಗಳಿನಿಂದ ಹಿಂದಕ್ಕೆ ಎಣಿಸಿ ಸುತ್ತುಗಳನ್ನು ಜೋಡಿಸಿಕೊಂಡರಾಯಿತು.

ಇಷ್ಟು ಬರೆದ ಮೇಲೂ ನಮ್ಮ ಮನಸ್ಸಿನಲ್ಲಿ ಉಳಿಯುವುದು ಆ ತಾಯಿಯವರ ಗಂಟಲು. ಶಾಲೆಯ ಉಪಾಧ್ಯಾಯಿನಿಗೆ ಸಾಂದರ್ಭಿಕ ರಜೆಯುಂಟು, ಬದಲಿ ಉಪಾಧ್ಯಾಯಿನಿಯುಂಟು. ಮನೆಯ ಉಪಾಧ್ಯಾಯಿನಿ ಪಾಠ ಮುಗಿಸಿ ಒಲೆಯ ಮುಂದೆ ನಿಲ್ಲುತ್ತಾಳೆ. ಬಿಡುವಿನ ವಾರವೆಂದರೆ ಹಬ್ಬದ ವಾರವೆಂದು ನಾವೇ ಮೇಲೆ ಬರೆದೆವು; ಹಬ್ಬದ ವಾರದಲ್ಲಿ ಆಕೆಗೆ ಕೆಲಸ ಇಮ್ಮಡಿಯೆಂಬುದು ಬರೆಯುವಾಗ ಹೊಳೆಯಲಿಲ್ಲ. ಕರಡನ್ನು ಓದಿದ ನಮ್ಮ ಮನೆಯವರು ತೋರಿಸಿಕೊಟ್ಟ ಮೇಲೆ ತಿದ್ದಿಕೊಳ್ಳುತ್ತಿದ್ದೇವೆ. ಏಳು ಬಿಡುವುಗಳಲ್ಲಿ ಎರಡನ್ನಾದರೂ ಯಾವ ಹಬ್ಬವೂ ಇಲ್ಲದ ವಾರಗಳಲ್ಲಿ ಇಡತಕ್ಕದ್ದು. ಜುಲೈಯಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು. ಆ ವಾರಗಳಲ್ಲಿ ತಂದೆಯು ಗಳಿಕೆ ರಜೆ ಪಡೆದು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಲಿ.

ತಂದೆಯ ಭಾಗ ಇಲ್ಲಿಗೇ ಮುಗಿಯುವುದಿಲ್ಲ. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ತಮ್ಮ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಲು ಯತ್ನಿಸಿದ ಕಥೆಯನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿರುವರು. ಜೊಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ಹೋಗಿ ಬರಲು ಒಟ್ಟು ಸುಮಾರು ಐದು ಮೈಲಿ. ಮಕ್ಕಳನ್ನು ಜೊತೆಗೆ ನಡೆಸಿಕೊಂಡು ಹೋಗುತ್ತಾ, ಬರುತ್ತಾ, ಮಾತಿನಲ್ಲಿಯೇ ಪಾಠ. ಅದರಲ್ಲಿಯೂ ಎಷ್ಟೋ ದಿನ ಇತರ ಕೆಲಸಗಳು ಅಡ್ಡ ಬಂದುವು. ದಿನಕ್ಕೆ ಒಂದು ಗಂಟೆಯನ್ನಾದರೂ ನಿಯಮ ತಪ್ಪದೆ ಅವರ ಅಕ್ಷರಾಭ್ಯಾಸಕ್ಕೆ ಕೊಡಲಾಗಿದ್ದರೆ ಅವರ ಶಿಕ್ಷಣ ಆದರ್ಶವಾಗುತ್ತಿತ್ತೆಂದೂ, ಅದು ತಮ್ಮಿಂದ ಆಗದೆ ಹೋದುದು ತಮಗೂ ಮಕ್ಕಳಿಗೂ ಉಳಿದ ವ್ಯಥೆಯೆಂದೂ, ಹಿರಿಯ ಮಗನು ಆ ದುಃಖವನ್ನು ಬಹಿರಂಗವಾಗಿಯೂ ಆಡಿದನೆಂದೂ ಅವರು ಒಪ್ಪಿಕೊಂಡಿರುವರು. ಅವರಿಗೆ ದೇಶಕಾರ್ಯವಿದ್ದಿತು. ನಮ್ಮ ಪತ್ರಲೇಖಕರಿಗೆ ಸಂಜೆ ಆರರ ಮೇಲೆ ಅಷ್ಟು ದೊಡ್ಡ ಕಾರ್ಯವಿರಲಾರದು. ಆ ಹೊತ್ತಿನ ಒಂದು ಗಂಟೆ ಅವರದಾಗಲಿ. ಕನ್ನಡ ಓದು, ಬಾಯಿಲೆಕ್ಕ, ನಕ್ಷೆ ನೋಡುವುದು. ಅಷ್ಟು ಹೊತ್ತು ತಾಯಿಯವರಿಗೆ ಮಾತನಾಡುವ ಕೆಲಸವಿರಬಾರದು.

ಇದನ್ನೆಲ್ಲ ಸಂಕ್ಷೇಪಿಸಿ, ಕೆಂಪು ಗೆರೆಗಳಿಲ್ಲದ ಹೊಸ ಪಟ್ಟಿಯೊಂದನ್ನು ಅವರಿಗೆ ಅಂಚೆಯಲ್ಲಿ ಕಳುಹಿಸಿದೆವು. ನಿನ್ನೆ ಉತ್ತರ ಬಂದಿದೆ. ಗಣಿತದ ಪುಸ್ತಕ ಅಕ್ಕಿಯ ಡಬ್ಬದ ಹಿಂದಿನಿಂದ ಹೊರಗೆ ಬಂದಿದೆಯಂತೆ. ಆದರೆ ಮೊದಲ ಸುತ್ತನ್ನು ಆರು ವಾರಕ್ಕೆ ಬದಲಾಗಿ ಐದಕ್ಕೆ ನಿಲ್ಲಿಸಿ ಗೌರಿ ಹಬ್ಬಕ್ಕೆ ಅಜ್ಜಿಯ ಊರಿಗೆ ಹೋಗಬೇಕೆಂದು ಮಕ್ಕಳು ಅರ್ಜಿ ಗುಜರಾಯಿಸಿರುವರಂತೆ. ಅರ್ಜಿಯು ಮಂಜೂರಾಗಿದೆ. ತಾಯಿಯವರು ಕಾಗದದ ಅಂಚಿನಲ್ಲಿ ತಮ್ಮ ಕೈಬರಹದಲ್ಲಿ ಒಂದು ಪ್ರಶ್ನೆಯನ್ನು ಸೇರಿಸಿರುವರು: ಡಿಸೆಂಬರಿನ ಬಿಡುವಿನಲ್ಲಿ ಅಡಿಗೆ ಯಾರದು? ಇದಕ್ಕೆ ಉತ್ತರ ಕೊಡತಕ್ಕವರು ನಾವಲ್ಲ. ಪ್ರಶ್ನೆಯನ್ನು ಯಜಮಾನರ ಅವಗಾಹನೆಗೆ ಕಳುಹಿಸಿದ್ದೇವೆ.